ಹಳೆಯ ಬ್ರಿಟಿಷ್ ಪೆನ್ನಿ ಕೊಳ್ಳುವ ಮುನ್ನ ಹುಣಸೆಹಣ್ಣು ದೂರ ಇಡಿ

ನನ್ನ ಮೊದಲ ವಿಕ್ಟೋರಿಯಾ ಪೆನ್ನಿಯನ್ನು ನಾನೇ ಕೈಯಾರೆ ಹಾಳು ಮಾಡಿದೆ. ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದ ಮೊದಲ ವರ್ಷ ಅದು. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ 3 ಪೌಂಡ್ ಕೊಟ್ಟು 1862ರ ಪೆನ್ನಿ ತಂದೆ. ಗಟ್ಟಿ ಡಿಕಾಕ್ಷನ್ ಬಣ್ಣ. ರಾಣಿಯ ಮುಖ ಚೆನ್ನಾಗಿಯೇ ಇತ್ತು, ನನ್ನ ಕಣ್ಣಿಗೆ ಮಾತ್ರ ಬರೀ ಕೊಳೆ ಕಂಡಿತು. ಅಮ್ಮ ದೇವರ ತಾಮ್ರದ ತಂಬಿಗೆ ಬೆಳಗುವುದನ್ನು ನೋಡುತ್ತಲೇ ಬೆಳೆದವನು ನಾನು. ಹುಣಸೆಹಣ್ಣು, ಚಿಟಿಕೆ ಉಪ್ಪು, ಐದು ನಿಮಿಷ. ಪೆನ್ನಿ ಫಳಫಳ ಹೊಳೆಯಿತು. ಮುಂದಿನ ತಿಂಗಳು ನಾಣ್ಯದ ಮೇಳದಲ್ಲಿ ಒಬ್ಬ ವ್ಯಾಪಾರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಲೆನ್ಸ್ ಕೂಡ ತೆಗೆಯಲಿಲ್ಲ. "ಉಜ್ಜಿದ್ದೀರಾ?" ಅಂತ ಒಂದೇ ಮಾತು ಕೇಳಿ ವಾಪಸ್ ಕೊಟ್ಟರು.

ನಾನು ಕೊಳೆ ಅಂದುಕೊಂಡಿದ್ದು ನೂರೈವತ್ತು ವರ್ಷ ಗಾಳಿ ತಾಕಿ ಲೋಹದ ಮೇಲೆ ತಾನಾಗಿ ಕೂತ ಪದರ. ಪೆನ್ನಿಗೆ ಬೆಲೆ ಬರುವುದು ಬಹುಪಾಲು ಆ ಪದರದಿಂದ, ಮತ್ತೆ ಅದರಡಿ ಸವೆಯದೆ ಉಳಿದ ಸಣ್ಣ ಸಣ್ಣ ಗೆರೆಗಳಿಂದ. ಬರೀ ಹಳೆಯದು ಅನ್ನುವ ಕಾರಣಕ್ಕೆ ಯಾವ ಪೆನ್ನಿಗೂ ಯಾರೂ ಜಾಸ್ತಿ ಕೊಡುವುದಿಲ್ಲ. ನಾನು ದುಡ್ಡು ಕಳೆದು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕೈಯಲ್ಲಿರುವುದು ಯಾವ ಪೆನ್ನಿ ಅಂತ ತಿಳಿಯಿರಿ

1971ರ ಫೆಬ್ರವರಿ 15ರವರೆಗೆ ಬ್ರಿಟನ್ನಿನ ಲೆಕ್ಕವೂ ನಮ್ಮ ಅಜ್ಜಂದಿರ ಆಣೆ-ಪೈ ಲೆಕ್ಕದಷ್ಟೇ ಗೋಜಲು. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಅಲ್ಲಿಗೆ ಪೌಂಡಿಗೆ 240 ಪೆನ್ನಿ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಒಂದು ರೂಪಾಯಿಗೆ 16 ಪೆನ್ನಿ ದರ ಇತ್ತು. ಲಂಡನ್ನಿನ ಒಂದು ಪೆನ್ನಿ ಅಂದರೆ ಇಲ್ಲಿಯ ಒಂದು ಆಣೆ. ನೆನಪಿಟ್ಟುಕೊಳ್ಳೋಕೆ ಸುಲಭ, ಅಲ್ವಾ?

ಮಧ್ಯಯುಗದ ಬೆಳ್ಳಿ ಪೆನ್ನಿಗಳದ್ದು ಬೇರೆಯೇ ಲೋಕ, ಅದನ್ನು ಇಲ್ಲಿ ಬಿಡೋಣ. ಹೊಸಬರ ಕೈಗೆ ಸಿಗುವುದು ಮೂರು ಬಗೆ.

ಮೊದಲನೆಯದು 1797ರ 'ಕಾರ್ಟ್‌ವೀಲ್', ಅಂದರೆ ಗಾಡಿಚಕ್ರ. ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಹಬೆ ಯಂತ್ರದಿಂದ ಹೊಡೆಸಿದ ತಾಮ್ರದ ನಾಣ್ಯ. ತೂಕ ಸರಿಯಾಗಿ ಒಂದು ಔನ್ಸ್, 28 ಗ್ರಾಂ ಚಿಲ್ಲರೆ. ದಪ್ಪ ಅಂಚು, ಆ ಅಂಚಿನಲ್ಲಿ ಒಳಕ್ಕೆ ಕೊರೆದ ಅಕ್ಷರ. ಕೈಯಲ್ಲಿ ಹಿಡಿದರೆ ತಕ್ಕಡಿಯ ಬಟ್ಟು ಹಿಡಿದ ಹಾಗೆ. ಎಲ್ಲದರ ಮೇಲೂ 1797 ಅಂತಲೇ ಇರುತ್ತದೆ. ಸವೆದದ್ದು ಕಡಿಮೆ ಬೆಲೆಗೆ ಬೇಕಾದಷ್ಟು ಸಿಗುತ್ತದೆ.

ಇದೇ ಸೋಹೋ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಗೂ ನಾಣ್ಯ ಹೊಡೆದುಕೊಟ್ಟಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಅಂತ 1808ರಲ್ಲಿ ಮಾಡಿದ ತಾಮ್ರದ ಕಾಸುಗಳನ್ನು ಹೊತ್ತ 'ಅಡ್ಮಿರಲ್ ಗಾರ್ಡ್‌ನರ್' ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ತೀರದ ಗುಡ್‌ವಿನ್ ಮರಳುದಿಬ್ಬಕ್ಕೆ ಬಡಿದು ಮುಳುಗಿತು. ಬಳ್ಳಾರಿ, ದಕ್ಷಿಣ ಕನ್ನಡ ಎಲ್ಲ ಆಗ ಮದ್ರಾಸಿನ ಆಡಳಿತದಲ್ಲೇ ಇದ್ದವು. ನಮ್ಮ ಕಡೆ ಬರಬೇಕಿದ್ದ ಆ 'ಕಾಸು' ಈಗ ಸಮುದ್ರದಿಂದ ಎದ್ದುಬಂದು ಇಂಗ್ಲೆಂಡಿನ ಮೇಳಗಳಲ್ಲಿ ಪೆನ್ನಿಗಳ ಪಕ್ಕದಲ್ಲೇ ಮಾರಾಟಕ್ಕೆ ಕೂತಿರುತ್ತದೆ. ನಾನೂ ಒಂದು ತಗೊಂಡೆ, ಕನ್ನಡಿಗನ ಹಕ್ಕು ಅಂತ.

ಎರಡನೆಯ ಬಗೆ 1806ರಿಂದ 1860ರವರೆಗಿನ ತಾಮ್ರದ ಪೆನ್ನಿ. ಸುಮಾರು 34 ಮಿಲಿಮೀಟರ್ ಅಗಲ, 19 ಗ್ರಾಂ ಹತ್ತಿರ ತೂಕ. ಮೂರನೆಯದು 1860ರಿಂದ ಶುರುವಾದ ಕಂಚಿನ ಪೆನ್ನಿ. 9.4 ಗ್ರಾಂ, ಸುಮಾರು 31 ಮಿಲಿಮೀಟರ್. ಸಂಗ್ರಹಕಾರರಲ್ಲಿ ಹೆಚ್ಚಿನವರು ಬೆನ್ನು ಹತ್ತುವುದು ಈ ಮೂರನೆಯದನ್ನೇ. ಇನ್ನು ಮುಂದೆ ನಾನು ಹೇಳುವುದೂ ಬಹುಪಾಲು ಇದರದ್ದೇ.

ಕಂಚಿನ ಪೆನ್ನಿಯ ಜನಪ್ರಿಯತೆಗೆ ಒಂದು ಕಾರಣ ಇದೆ. 1860ರಲ್ಲಿ ಬಂದ ನಾಣ್ಯ 1971ರವರೆಗೂ ಚಲಾವಣೆಯಲ್ಲೇ ಇತ್ತು. 1960ರ ದಶಕದಲ್ಲಿ ಬಸ್ಸಿಗೆ ಚಿಲ್ಲರೆ ಕೊಟ್ಟರೆ ವಾಪಸ್ ಬರುವುದರಲ್ಲಿ ವಿಕ್ಟೋರಿಯಾ ರಾಣಿಯೂ ಇರುತ್ತಿದ್ದಳು. ಬ್ರಿಟನ್ನಿನ ಮಕ್ಕಳು ಜೇಬಿನ ಚಿಲ್ಲರೆಯಿಂದಲೇ ವರ್ಷಕ್ಕೊಂದು ಪೆನ್ನಿ ಜೋಡಿಸುತ್ತಿದ್ದರು. ಆ ಮಕ್ಕಳ ಡಬ್ಬಿಗಳೇ ಈಗ ಅಟ್ಟದಿಂದ ಇಳಿದು ಹರಾಜಿಗೆ ಬರುತ್ತಿರುವುದು.

ಎರಡನೇ ಹೆಜ್ಜೆ: ಒಂದು ಗೆರೆ ಹಾಕಿಕೊಳ್ಳಿ

ಸಿಕ್ಕಿದ್ದೆಲ್ಲ ಕೊಂಡರೆ ಮನೆಯಲ್ಲಿ ಗುಜರಿ ಸೇರುತ್ತದೆ. ಏನು ಕೂಡಿಸಬೇಕು ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳಿ.

ಸುಲಭದ್ದು ಮುಖಗಳ ಸಂಗ್ರಹ. ಪ್ರತಿ ರಾಜ, ರಾಣಿಯ ಪ್ರತಿ ಚಿತ್ರಕ್ಕೆ ಒಂದೊಂದು ಒಳ್ಳೆಯ ನಾಣ್ಯ. ವಿಕ್ಟೋರಿಯಾಳದ್ದು ಕಂಚಿನಲ್ಲಿ ಎರಡು. 1860ರಿಂದ 1894ರವರೆಗೆ ಲಿಯೊನಾರ್ಡ್ ಚಾರ್ಲ್ಸ್ ವೈಯಾನ್ ಕೆತ್ತಿದ 'ಬನ್ ಹೆಡ್', ನಮ್ಮ ಮಾತಿನಲ್ಲಿ ತುರುಬಿನ ರಾಣಿ. 1895ರಿಂದ ಥಾಮಸ್ ಬ್ರಾಕ್ ಮಾಡಿದ ಮುಸುಕು ಹೊದ್ದ ವಯಸ್ಸಾದ ರಾಣಿ. ಆಮೇಲೆ 7ನೇ ಎಡ್ವರ್ಡ್, 5ನೇ ಜಾರ್ಜ್, 6ನೇ ಜಾರ್ಜ್, 2ನೇ ಎಲಿಜಬೆತ್. ಹಿಂಬದಿಯಲ್ಲಿ ಎಲ್ಲದರಲ್ಲೂ ಶೂಲ ಹಿಡಿದು ಕೂತ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಿನ ರೂಪದಲ್ಲಿ ತೋರಿಸುವ ಚಿತ್ರ. ತುರುಬಿನ ಕಾಲದಲ್ಲಿ ಅವಳ ಒಂದು ಪಕ್ಕ ದೀಪಸ್ತಂಭ, ಇನ್ನೊಂದು ಪಕ್ಕ ಹಡಗು. 1895ರಲ್ಲಿ ಎರಡೂ ಮಾಯ. 1937ರಲ್ಲಿ ದೀಪಸ್ತಂಭ ಮಾತ್ರ ವಾಪಸ್ ಬಂತು.

ನಮ್ಮವರಿಗೆ ನಾನು ಹೇಳುವ ಇನ್ನೊಂದು ದಾರಿ ಇದೆ, ಇದಕ್ಕೆ ಖರ್ಚೂ ಕಡಿಮೆ. 1895ರಿಂದ ಪೆನ್ನಿಯ ಮೇಲಿನ ಲ್ಯಾಟಿನ್ ಬರಹದ ಕೊನೆಗೆ 'ಇಂಡ್ ಇಂಪ್' ಅಂತ ಸೇರಿತು. ಭಾರತದ ಚಕ್ರವರ್ತಿನಿ, ಆಮೇಲೆ ಚಕ್ರವರ್ತಿ, ಅನ್ನುವುದರ ಚುಟುಕು ರೂಪ. 1947ರ ಪೆನ್ನಿಯಲ್ಲೂ ಅದು ಇದೆ. 1948ರದ್ದರಲ್ಲೂ ಇದೆ! 1949ರ ಪೆನ್ನಿಯಲ್ಲಿ ಅದು ಇಲ್ಲ, ಆ ಜಾಗ ಖಾಲಿಯಾಗಿ ಉಳಿದ ಅಕ್ಷರಗಳು ದೂರ ದೂರ ಸರಿದು ಕೂತಿವೆ. 1894, 1895, 1948, 1949. ಈ ನಾಲ್ಕು ನಾಣ್ಯ ಪಕ್ಕಪಕ್ಕ ಇಟ್ಟರೆ ಒಂದು ಸಾಮ್ರಾಜ್ಯದ ಲೆಕ್ಕ ಅಂಗೈಯಲ್ಲಿ ಸಿಗುತ್ತದೆ. ನಾಲ್ಕೂ ಸಾಧಾರಣ ಸ್ಥಿತಿಯಲ್ಲಿ ಸುಲಭವಾಗಿ ಸಿಗುವಂಥವೇ.

ಕೊನೆಯ ದಾರಿ ಅಚ್ಚಿನ ಭೇದಗಳದ್ದು. ಒಂದೇ ವರ್ಷದ ಪೆನ್ನಿಯಲ್ಲಿ ಹಲವು ಅಚ್ಚುಗಳನ್ನು ಗುರುತಿಸಿ ಕೂಡಿಸುವವರು ಇದ್ದಾರೆ. ಹರಾಜಿನ ಪಟ್ಟಿಯಲ್ಲಿ ನಾಣ್ಯದ ಪಕ್ಕ 'ಎಫ್' ಅಂತ ಬರೆದು ಒಂದು ಸಂಖ್ಯೆ ಇದ್ದರೆ ಅದು ಫ್ರೀಮನ್ ಸಂಖ್ಯೆ, ಕಂಚಿನ ನಾಣ್ಯಗಳ ಅಚ್ಚುಗಳನ್ನು ವಿಂಗಡಿಸಿದ ಪಟ್ಟಿಯದು. ಇದು ಹುಚ್ಚಿನ ದಾರಿ. ಮೊದಲ ವರ್ಷವೇ ಇಳಿಯಬೇಡಿ.

ಮೂರನೇ ಹೆಜ್ಜೆ: ಕಣ್ಣು ಪಳಗಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಪೆನ್ನಿಯ ದುಡ್ಡೆಲ್ಲ ಇರುವುದು ಇಲ್ಲೇ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್, 0.1 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಒಂದು ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಿ. ಇಸವಿ ಬ್ರಿಟಾನಿಯಾಳ ಕೆಳಗೆ ಇರುತ್ತದೆ. 1874, 1875, 1876, 1881, 1882ರ ಕೆಲವು ಪೆನ್ನಿಗಳಲ್ಲಿ ಇಸವಿಯ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ 'ಎಚ್' ಅಕ್ಷರ ಇದೆ. ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯ ಗುರುತು. ಲಂಡನ್ನಿನ ಟಂಕಸಾಲೆಗೆ ಕೆಲಸ ಜಾಸ್ತಿಯಾದಾಗ ಹೊರಗುತ್ತಿಗೆ ಕೊಡುತ್ತಿದ್ದರು. 1875ರ ಎಚ್ ಅಪರೂಪ. 1882ರದ್ದು ಇದಕ್ಕೆ ತದ್ವಿರುದ್ಧ. ಆ ವರ್ಷ ಎಚ್ ಇರುವುದು ಮಾಮೂಲಿ, ಇಲ್ಲದಿರುವುದು ತುಂಬಾ ಅಪರೂಪ. ಹಾಗಾಗಿ ಎಚ್ ಕೆರೆದು ತೆಗೆದು ಮೋಸ ಮಾಡುವವರಿದ್ದಾರೆ. ಸವೆದೂ ಅದು ಕಾಣದಂತಾಗಿರಬಹುದು. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ಆ ಜಾಗ ಸುತ್ತಲಿನ ಲೋಹಕ್ಕಿಂತ ತಗ್ಗಾಗಿದ್ದರೆ, ಅಥವಾ ಬಣ್ಣ ಬೇರೆ ಇದ್ದರೆ, ಕೈಬಿಡಿ.

1912, 1918, 1919ರಲ್ಲಿ ಎಚ್ ಇಸವಿಯ ಎಡಕ್ಕೆ ಬರುತ್ತದೆ. 1918, 1919ರಲ್ಲಿ 'ಕೆಎನ್' ಅಂತಲೂ ಇದೆ, ಅದು ಕಿಂಗ್ಸ್ ನಾರ್ಟನ್ ಕಂಪನಿಯದ್ದು. ಈ ಕೆಎನ್ ಪೆನ್ನಿಗಳು ಸವೆದ ಸ್ಥಿತಿಯಲ್ಲಿ ಅಷ್ಟೇನೂ ದುಬಾರಿ ಇಲ್ಲ. ಅಂಚು ಮಾಸದ, ಹೊಳಪಿರುವ ಕೆಎನ್ ಬಂದರೆ ಮಾತ್ರ ಹರಾಜಿನಲ್ಲಿ ಕೈಗಳು ಟಪಟಪ ಮೇಲೇಳುತ್ತವೆ.

1902ರದ್ದು ಇನ್ನೊಂದು ಮಜಾ. ಬ್ರಿಟಾನಿಯಾಳ ಹಿಂದೆ ಸಮುದ್ರದ ಗೆರೆ ಇದೆ. ಅದು ಅವಳ ಕಾಲುಗಳು ಒಂದರ ಮೇಲೊಂದು ಬರುವ ಮಟ್ಟಕ್ಕೆ ಇದ್ದರೆ 'ಹೈ ಟೈಡ್', ಮಾಮೂಲಿ. ಅದಕ್ಕಿಂತ ಕೆಳಗಿದ್ದರೆ 'ಲೋ ಟೈಡ್', ಬೆಲೆ ಜಾಸ್ತಿ. ಉಬ್ಬರ-ಇಳಿತ ಕರಾವಳಿಯವರಿಗೆ ಹೇಳಿಕೊಡಬೇಕೇ? ಮಾರುವವರು ನೋಡದೇ ಬಿಟ್ಟ ಲೋ ಟೈಡ್ ಈಗಲೂ ಚಿಲ್ಲರೆ ಡಬ್ಬಿಗಳಲ್ಲಿ ಸಿಗುತ್ತದೆ. ನನಗೆ ಎರಡು ಸಿಕ್ಕಿವೆ.

5ನೇ ಜಾರ್ಜ್‌ನ ಮೊದಮೊದಲ ಪೆನ್ನಿಗಳಲ್ಲಿ ಬ್ರಿಟಾನಿಯಾಳ ಸುತ್ತ ಯಾರದೋ ತಲೆಯ ನೆರಳು ಕಂಡರೆ ಹೆದರಬೇಡಿ. ರಾಜನ ತಲೆ ಎಷ್ಟು ಉಬ್ಬಾಗಿತ್ತೆಂದರೆ, ಅಚ್ಚು ಒತ್ತುವಾಗ ಲೋಹವೆಲ್ಲ ಆ ಕಡೆ ಎಳೆದುಕೊಂಡು ಹೋಗಿ ಹಿಂಬದಿಯಲ್ಲಿ ಅವನ ಆಕಾರ ಮೂಡುತ್ತಿತ್ತು. ಇದಕ್ಕೆ 'ಘೋಸ್ಟಿಂಗ್' ಅಂತಲೇ ಹೆಸರು. ಸರಿಪಡಿಸಲು ಚಿತ್ರ ತಿದ್ದಿದರು, 1928ರಿಂದ ತಲೆಯನ್ನೇ ಚಿಕ್ಕದು ಮಾಡಿದರು. ಹಾಗೆ ತಿದ್ದಿದ ಚಿತ್ರ ಇರುವ 1926ರ ಪೆನ್ನಿ ಒಳ್ಳೆಯ ಬೆಲೆಯದ್ದು.

ಇನ್ನು ಎಲ್ಲರೂ ಕೇಳುವ 1933. ಆ ವರ್ಷ ಜನರ ಕೈಯಲ್ಲಿ ಬೇಕಾದಷ್ಟು ಪೆನ್ನಿ ಇದ್ದುದರಿಂದ ಚಲಾವಣೆಗೆ ಅಂತ ಹೊಡೆಯಲೇ ಇಲ್ಲ. ಬೆರಳೆಣಿಕೆಯಷ್ಟು ಮಾತ್ರ ಮಾಡಿದರು, ಅದರಲ್ಲಿ ಕೆಲವು ಕಟ್ಟಡಗಳ ಅಡಿಗಲ್ಲಿನಡಿ ಹೋದವು. ಲೀಡ್ಸ್‌ನ ಒಂದು ಚರ್ಚಿನ ಅಡಿಗಲ್ಲಿನಿಂದ ಒಂದನ್ನು ಕಳ್ಳರು 1970ರಲ್ಲಿ ಕದ್ದರು. ಯಾರಾದರೂ 1933ರ ಪೆನ್ನಿ ಮಾರುತ್ತೇನೆ ಅಂದರೆ ಅದು ನಕಲಿ ಅಂತಲೇ ತಿಳಿಯಿರಿ. ಬೇರೆ ವರ್ಷದ ಕೊನೆಯ ಅಂಕಿಯನ್ನು ಕೆತ್ತಿ ತಿದ್ದಿದ್ದೋ, ಎರಕ ಹೊಯ್ದದ್ದೋ ಆಗಿರುತ್ತದೆ.

ಕೈಗೆ ಸಿಗುವಂಥ ಅಪರೂಪ ಬೇಕಿದ್ದರೆ 1950 ಮತ್ತು 1951 ನೋಡಿ. ಮೊದಲನೆಯದು 2,40,000, ಎರಡನೆಯದು 1,20,000 ಮಾತ್ರ ಮುದ್ರಣ. ಹೆಚ್ಚಿನವು ಬರ್ಮುಡಾಕ್ಕೆ ಹೋಗಿದ್ದವು. ಇದಕ್ಕೆ ಎದುರಾಗಿ 1967ರ ಇಸವಿಯ ಪೆನ್ನಿಗಳನ್ನು ಹೊಡೆದದ್ದು 60 ಕೋಟಿಗೂ ಜಾಸ್ತಿ. ಅಟ್ಟದ ಡಬ್ಬಿಗಳಲ್ಲಿ ತುಂಬಿರುವುದು ಇದೇ.

ನಾಲ್ಕನೇ ಹೆಜ್ಜೆ: ಸ್ಥಿತಿ ಅಳೆಯುವುದು

ಬ್ರಿಟನ್ನಿನ ಅಳತೆಗೋಲು ಕೆಳಗಿನಿಂದ ಮೇಲಕ್ಕೆ ಹೀಗಿದೆ: ಫೇರ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಹೆಸರಿಗೆ ಮೋಸ ಹೋಗಬೇಡಿ. 'ಫೈನ್' ಅಂದರೆ ಚೆನ್ನಾಗಿದೆ ಅಂತ ಅಲ್ಲ, ಸಾಕಷ್ಟು ಸವೆದಿದೆ ಅಂತ ಅರ್ಥ. ತುರುಬಿನ ರಾಣಿಯಲ್ಲಿ ಕಿವಿಯ ಮೇಲಿನ ಕೂದಲಿನ ಎಳೆ ನೋಡಿ. ಎಳೆಗಳು ಒಂದಕ್ಕೊಂದು ಅಂಟಿ ಬೋಳಾಗಿದ್ದರೆ ಫೈನ್. ಬಹುಪಾಲು ಎಳೆ ಬಿಡಿಬಿಡಿ ಕಂಡರೆ ವೆರಿ ಫೈನ್. ಹಿಂದೆ ಬ್ರಿಟಾನಿಯಾಳ ಎದೆ, ಶಿರಸ್ತ್ರಾಣ, ಗುರಾಣಿ, ಇವು ಉಬ್ಬಾಗಿರುವುದರಿಂದ ಮೊದಲು ಸವೆಯುತ್ತವೆ.

ಒಂದೇ ಇಸವಿಯ ನಾಣ್ಯ ಫೈನ್ ಸ್ಥಿತಿಯಲ್ಲಿ ಒಂದೆರಡು ಪೌಂಡ್ ಇದ್ದರೆ, ಅನ್‌ಸರ್ಕ್ಯುಲೇಟೆಡ್ ಸ್ಥಿತಿಯಲ್ಲಿ ನೂರರ ಹತ್ತಿರವೋ ಅದರಾಚೆಗೋ ಹೋಗಬಹುದು. ಟಂಕಸಾಲೆಯಿಂದ ಹೊರಬಂದಾಗಿನ ಕೆಂಪು ಹೊಳಪಿಗೆ 'ಲಸ್ಟರ್' ಅನ್ನುತ್ತಾರೆ. ಆ ಹೊಳಪು ಅಕ್ಷರಗಳ ಸಂದಿಯಲ್ಲಿ, ಅಂಚಿನ ಹತ್ತಿರ ಕೊನೆಗೆ ಉಳಿದಿರುತ್ತದೆ. ಉಜ್ಜಿದ ನಾಣ್ಯದಲ್ಲಿ ಉಲ್ಟಾ: ಉಬ್ಬು ಜಾಗಗಳು ಹೊಳೆಯುತ್ತವೆ, ಸಂದಿಗಳು ಕಪ್ಪಾಗಿರುತ್ತವೆ. ನನ್ನ ಹುಣಸೆಹಣ್ಣಿನ ಪೆನ್ನಿಯನ್ನು ಆ ವ್ಯಾಪಾರಿ ಲೆನ್ಸ್ ಇಲ್ಲದೇ ಹಿಡಿದದ್ದು ಹೀಗೆ. ಕಪ್ಪಗಿದ್ದರೆ ಹಾಳಾಗಿದೆ ಅಂತಲೂ ತೀರ್ಮಾನಿಸಬೇಡಿ. 1934ರ ಪೆನ್ನಿಗಳನ್ನೂ, 1944ರಿಂದ 46ರವರೆಗಿನವನ್ನೂ ಟಂಕಸಾಲೆಯವರೇ ರಾಸಾಯನಿಕ ಹಾಕಿ ಕಪ್ಪು ಮಾಡಿ ಬಿಟ್ಟಿದ್ದರು. ಹಾಗಾಗಿ 1945ರ ಪೆನ್ನಿ ಕೆಂಪಗೆ ಮಿನುಗಿದರೆ ಅನುಮಾನ ಪಡಿ.

ಪುಡಿಪುಡಿಯಾದ ಹಸಿರು ಚುಕ್ಕೆ ಕಂಡರೆ ಅದು ಕಿಲುಬು. ಅದು ಲೋಹವನ್ನು ತಿನ್ನುತ್ತಲೇ ಹೋಗುತ್ತದೆ, ಕೊಳ್ಳಬೇಡಿ. ಅಂಚಿನಲ್ಲಿ ಪೆಟ್ಟು, ಸರಕ್ಕೆ ಪೋಣಿಸಿದ ತೂತು ಮುಚ್ಚಿದ ಗುರುತು, ಇವನ್ನೂ ನೋಡಿ. ಆಯಸ್ಕಾಂತ ಹಿಡಿಯಿರಿ, ಕಂಚು ಅಂಟಬಾರದು. ತೂಕ 9.4 ಗ್ರಾಂ ಹತ್ತಿರ ಇರಬೇಕು. ಸವೆದದ್ದಾದರೆ ಸ್ವಲ್ಪ ಕಡಿಮೆ ಬರುತ್ತದೆ. ಕಂಚಿನ ಪೆನ್ನಿಯನ್ನು ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಬ್ರಿಟಾನಿಯಾ ನೆಟ್ಟಗೆ ಕೂತಿರಬೇಕು, ತಲೆಕೆಳಗಾಗಬಾರದು.

ಐದನೇ ಹೆಜ್ಜೆ: ಹರಾಜಿಗೆ ಮುಂಚೆ ಮೇಳಕ್ಕೆ ಹೋಗಿ

ಬ್ರಿಟನ್ನಿನಲ್ಲಿ ಇರುವವರಿಗೆ ಇದು ನನ್ನ ಗಟ್ಟಿ ಸಲಹೆ. ಬರ್ಮಿಂಗ್‌ಹ್ಯಾಮ್ ಹತ್ತಿರದ ನ್ಯಾಷನಲ್ ಮೋಟರ್‌ಸೈಕಲ್ ಮ್ಯೂಸಿಯಂನಲ್ಲಿ ನಡೆಯುವಂಥ ಮೇಳಗಳಲ್ಲಿ ಒಂದೇ ಬೆಳಗ್ಗೆ ನೂರಾರು ಪೆನ್ನಿ ಕೈಯಲ್ಲಿ ಹಿಡಿದು ನೋಡಬಹುದು. ಕೊಳ್ಳಲೇಬೇಕು ಅಂತಿಲ್ಲ. ಮೊದಲ ಎರಡು ಸಲ ಸುಮ್ನೆ ನೋಡಿ ಬನ್ನಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ, ಮುಖದ ಮೇಲೆ ಬೆರಳು ಇಡಬೇಡಿ. ಅಷ್ಟು ಗೊತ್ತಿದ್ದರೆ ವ್ಯಾಪಾರಿಗಳು ಖುಷಿಯಿಂದ ಮಾತಾಡುತ್ತಾರೆ. ದೊಡ್ಡ ಮೊತ್ತದ ವ್ಯಾಪಾರ ಆದರೆ ಮಾರುವವರು ಅಲ್ಲಿಯ ನಾಣ್ಯ ವ್ಯಾಪಾರಿಗಳ ಸಂಘದ ಸದಸ್ಯರೇ ಅಂತ ನೋಡಿಕೊಳ್ಳಿ.

ಕರ್ನಾಟಕದಲ್ಲೇ ಇರುವವರಿಗೆ ಈ ಭಾಗ್ಯ ಕಡಿಮೆ. ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ ಅಲ್ಲೊಂದು ಇಲ್ಲೊಂದು ಪೆನ್ನಿ ಸಿಗುತ್ತದೆ, ಅಷ್ಟೆ. ಹಾಗಾಗಿ ಹರಾಜಿನ ಜಾಲತಾಣಗಳೇ ಗತಿ.

ಆರನೇ ಹೆಜ್ಜೆ: ಹರಾಜಿನಲ್ಲಿ ಕೊಳ್ಳುವುದು

ಸ್ಪಿಂಕ್, ನೂನನ್ಸ್, ಬಾಲ್ಡ್‌ವಿನ್ಸ್, ಲಂಡನ್ ಕಾಯಿನ್ಸ್, ಇವು ಬ್ರಿಟನ್ನಿನಲ್ಲಿ ಹೆಸರಾದ ಹರಾಜು ಮನೆಗಳು. ಮೊದಲ ಕೆಲಸ ಹಳೇ ಫಲಿತಾಂಶ ಹುಡುಕುವುದು. ನೀವು ಬಯಸುವ ಇಸವಿ, ಅದೇ ಸ್ಥಿತಿಯ ನಾಣ್ಯ ಹಿಂದೆ ಎಷ್ಟಕ್ಕೆ ಹೋಯಿತು ಅಂತ ಐದಾರು ಉದಾಹರಣೆ ಬರೆದುಕೊಳ್ಳಿ. ಬೆಲೆಪಟ್ಟಿಯ ಪುಸ್ತಕದಲ್ಲಿ ಇರುವುದು ಅಂಗಡಿಯವರ ಆಸೆ. ಹರಾಜಿನಲ್ಲಿ ಕೊನೆಯ ಕೂಗಿಗೆ ಸುತ್ತಿಗೆ ಬಿದ್ದ ದರವೇ ನಿಜವಾದ ದರ.

ಆಮೇಲೆ ವಿವರಣೆಯನ್ನು ಜಾತಕ ಓದಿದ ಹಾಗೆ ಓದಿ. 'ಹಿಂದೆ ಶುಚಿ ಮಾಡಿದ್ದು' ಅಂದರೆ ಯಾರೋ ಉಜ್ಜಿದ್ದಾರೆ. 'ಸ್ಪೇಸ್ ಫಿಲ್ಲರ್' ಅಂದರೆ ಆಲ್ಬಮ್ಮಿನ ಖಾಲಿ ಗುಂಡಿ ತುಂಬಲು ಮಾತ್ರ ಲಾಯಕ್ಕು. ಫೋಟೋ ಒಂದು ಬದಿಯದ್ದೇ ಇದ್ದರೆ ಇನ್ನೊಂದನ್ನು ಕೇಳಿ ತರಿಸಿಕೊಳ್ಳಿ. ಕೇಳಿದರೆ ಕಳಿಸುತ್ತಾರೆ, ಸಂಕೋಚ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಸ್ಥಿತಿಗೆ ಅಂಕ ಕೊಟ್ಟ ನಾಣ್ಯಗಳೂ ಬರುತ್ತವೆ. ಅದರಲ್ಲಿ ಅಸಲಿಯೋ ನಕಲಿಯೋ ಅನ್ನುವ ಭಯ ಕಡಿಮೆ. ಆದರೆ ಅಂಕ ನೋಡಿ ಕೊಳ್ಳಬೇಡಿ, ನಾಣ್ಯ ನೋಡಿ ಕೊಳ್ಳಿ.

ಈಗ ಲೆಕ್ಕ. ಹೊಸಬರು ಬೀಳುವುದು ಈ ಹೊಂಡಕ್ಕೆ, ನಾನೂ ಬಿದ್ದಿದ್ದೇನೆ. ಸುತ್ತಿಗೆ ಬಿದ್ದ ಬೆಲೆ 100 ಪೌಂಡ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಕೊಳ್ಳುವವರ ಶುಲ್ಕ ಇದೆ, 'ಬೈಯರ್ಸ್ ಪ್ರೀಮಿಯಂ'. ಮನೆಯಿಂದ ಮನೆಗೆ ಬೇರೆ ಬೇರೆ, ನಾವು 24% ಅಂತ ಹಿಡಿಯೋಣ. 124 ಆಯಿತು. ಆ 24ರ ಮೇಲೆ 20% ವ್ಯಾಟ್, 4.80. ಒಟ್ಟು 128.80. ಹಲವು ಹರಾಜುಗಳನ್ನು ಒಂದೇ ಕಡೆ ತೋರಿಸುವ ಜಾಲತಾಣದ ಮೂಲಕ ಕೂಗಿದರೆ ಅವರದ್ದೊಂದು ಪಾಲು ಬೇರೆ. ಅಂಚೆ, ವಿಮೆ ಬೇರೆ. ಭಾರತಕ್ಕೆ ತರಿಸಿದರೆ ಕಸ್ಟಮ್ಸ್ ಕೂಡ ಸೇರಬಹುದು. ಮೊದಲ ಹರಾಜಿನಲ್ಲಿ 60 ಪೌಂಡಿಗೆ ಪೆನ್ನಿ ಗೆದ್ದೆ ಅಂತ ಕುಣಿದಿದ್ದೆ. ಬಿಲ್ ಬಂದಾಗ 90ರ ಹತ್ತಿರ ಇತ್ತು. ಎಲ್ಲವೂ ನಿಯಮಗಳ ಪುಟದಲ್ಲಿ ಬರೆದೇ ಇತ್ತು. ಓದದೇ ಇದ್ದದ್ದು ನಾನು.

ಹಾಗಾಗಿ ಲೆಕ್ಕ ಹಿಂದಿನಿಂದ ಮಾಡಿ. ಜೇಬಿನಿಂದ ಒಟ್ಟು ಎಷ್ಟು ಹೋದರೆ ಪರವಾಗಿಲ್ಲ ಅನ್ನುವುದನ್ನು ಮೊದಲು ನಿಶ್ಚಯಿಸಿ. ಅಂಚೆ ಖರ್ಚು ಕಳೆಯಿರಿ. ಉಳಿದದ್ದನ್ನು 1.288ರಿಂದ ಭಾಗಿಸಿ. ಅದೇ ನಿಮ್ಮ ಕೊನೆಯ ಕೂಗು. 150 ಪೌಂಡ್ ಇದ್ದು ಅಂಚೆಗೆ 12 ಹೋದರೆ, ನಿಮ್ಮ ಕೂಗು 107ರ ಹತ್ತಿರ ನಿಲ್ಲಬೇಕು. ಕಾಗದದ ಮೇಲೆ ಬರೆದು ಪರದೆಯ ಪಕ್ಕ ಅಂಟಿಸಿ. ಹರಾಜು ಬಿಸಿ ಏರಿದಾಗ ತಲೆ ಕೆಲಸ ಮಾಡುವುದಿಲ್ಲ, ಕಾಗದ ಮಾಡುತ್ತದೆ.

ಕೂಗುವುದಕ್ಕೆ ಹಲವು ದಾರಿ ಇದೆ. ಸಭಾಂಗಣದಲ್ಲೇ ಕೂರಬಹುದು, ಫೋನಿನಲ್ಲಿ ಇರಬಹುದು, ಇಂಟರ್‌ನೆಟ್ಟಿನಲ್ಲಿ ನೇರ ಕೂಗಬಹುದು. ನನಗೆ ಇಷ್ಟವಾದದ್ದು ಮುಂಚಿತವಾಗಿ ಗರಿಷ್ಠ ಮೊತ್ತ ಬರೆದುಕೊಟ್ಟು ನಿದ್ದೆ ಮಾಡುವ ದಾರಿ. ಅದಕ್ಕೆ 'ಕಮಿಷನ್ ಬಿಡ್' ಅನ್ನುತ್ತಾರೆ. ನೀವು 107 ಬರೆದುಕೊಟ್ಟರೂ ಎದುರಾಳಿ 70ಕ್ಕೆ ನಿಂತರೆ ಅದರ ಮುಂದಿನ ಮೆಟ್ಟಿಲಿಗೇ ನಿಮಗೆ ಸಿಗುತ್ತದೆ. ಇಬ್ಬರು ಒಂದೇ ಮೊತ್ತ ಬರೆದಿದ್ದರೆ ಸಾಮಾನ್ಯವಾಗಿ ಮೊದಲು ಕೊಟ್ಟವರಿಗೆ ಹೋಗುತ್ತದೆ, ಹಾಗಾಗಿ ತಡ ಮಾಡಬೇಡಿ.

ಸೆಟ್ ಮಾಡಿ ಡಬ್ಬಿಗಟ್ಟಲೆ ಮಾರುವ ಲಾಟುಗಳ ಬಗ್ಗೆ ಒಂದು ಮಾತು. 'ಪೆನ್ನಿಗಳು, 5 ಕಿಲೋ, ವಿವಿಧ ಇಸವಿ' ಅಂತ ಇದ್ದರೆ ಆಸೆ ಹುಟ್ಟುತ್ತದೆ. ಅದನ್ನು ಹರಾಜಿಗೆ ತರುವ ಮುಂಚೆ ಮೂರು ನಾಲ್ಕು ಜೋಡಿ ಕಣ್ಣು ಸೋಸಿರುತ್ತವೆ. ಕಲಿಯುವುದಕ್ಕೆ ಒಂದು ಡಬ್ಬಿ ಕೊಳ್ಳಿ, ಲಾಭಕ್ಕೆ ಬೇಡ.

ಏಳನೇ ಹೆಜ್ಜೆ: ಬಂದ ಮೇಲೆ

ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿ. ತೂಗಿ, ಫೋಟೋ ಜೊತೆ ಹೋಲಿಸಿ. ನಕಲಿ ಅನ್ನಿಸಿದರೆ ವಾಪಸಿಗೆ ದಿನಗಳ ಗಡುವು ಇರುತ್ತದೆ, ಅದು ನಿಯಮಗಳಲ್ಲೇ ಇರುತ್ತದೆ. ಜೊತೆಗೆ ಬಂದ ಗುಂಡಗಿನ ಹಳೇ ಕಾಗದದ ಚೀಟಿ ಎಸೆಯಬೇಡಿ. ಯಾವ ಕಾಲದಲ್ಲಿ ಯಾರ ಸಂಗ್ರಹದಲ್ಲಿತ್ತು ಅನ್ನುವ ಗುರುತು ಅದು, ಮಾರುವಾಗ ಬೆಲೆ ಕೂಡಿಸುತ್ತದೆ.

ಮೆತ್ತಗಿನ, ವಾಸನೆ ಬರುವ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಅದರ ಪಿವಿಸಿ ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಅಥವಾ ಗಟ್ಟಿ ಕ್ಯಾಪ್ಸೂಲ್ ಒಳ್ಳೆಯದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಕಂಚು ಬೇಗ ಬಣ್ಣಗೆಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ದೇವರಮನೆಯ ಕುಂಕುಮ, ಎಣ್ಣೆ ಕೈಯಿಂದ ಮುಟ್ಟಬೇಡಿ.

ಎಂಟನೇ ಹೆಜ್ಜೆ: ಮಾರುವುದು

ಮಾರುವಾಗಿನ ಲೆಕ್ಕ ಇನ್ನೂ ಕಹಿ. ಸುತ್ತಿಗೆ ಬೆಲೆ 100 ಬಂದರೆ ಹರಾಜು ಮನೆ ಮಾರುವವರಿಂದಲೂ ಕಮಿಷನ್ ಹಿಡಿಯುತ್ತದೆ. 15% ಮತ್ತು ಅದರ ಮೇಲೆ ವ್ಯಾಟ್ ಅಂದರೆ 18 ಹೋಗಿ ಕೈಗೆ 82. ನೀವು 100ರ ಸುತ್ತಿಗೆಗೆ 128.80 ಕೊಟ್ಟು ಕೊಂಡ ಪೆನ್ನಿಯಲ್ಲಿ ಹಾಕಿದ ದುಡ್ಡು ವಾಪಸ್ ಬರಬೇಕಾದರೆ, ಮಾರುವ ದಿನ ಸುತ್ತಿಗೆ 157ಕ್ಕೆ ಬೀಳಬೇಕು. ಲಾಭದ ಮಾತು ಆಮೇಲೆ. ಪೆನ್ನಿಯನ್ನು ಹೂಡಿಕೆ ಅಂತ ಮಾರುವವರು ಸಿಕ್ಕರೆ ಅವರಿಗೆ ಈ ಲೆಕ್ಕ ತೋರಿಸಿ. ಕಮಿಷನ್ ಬಗ್ಗೆ ಮಾತಾಡಿ ಕಡಿಮೆ ಮಾಡಿಸಿಕೊಳ್ಳಬಹುದು, ಒಳ್ಳೆಯ ನಾಣ್ಯ ಇದ್ದರೆ ಒಪ್ಪುತ್ತಾರೆ.

ಹರಾಜಿಗೆ ಕೊಡುವಾಗ ನಾಲ್ಕು ಪ್ರಶ್ನೆ ಕೇಳಿ. ಕಮಿಷನ್ ಎಷ್ಟು, ಫೋಟೋಗೆ ಬೇರೆ ಹಣವೇ, ಮಾರಾಟ ಆಗದಿದ್ದರೆ ಏನಾದರೂ ಕೊಡಬೇಕೆ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ. ಇದಕ್ಕಿಂತ ಕೆಳಗೆ ಮಾರಬೇಡಿ ಅನ್ನುವ ಮೊತ್ತ, ಅಂದರೆ 'ರಿಸರ್ವ್', ಅದನ್ನು ತೀರಾ ಮೇಲಿಟ್ಟರೆ ನಾಣ್ಯ ಮಾರಾಟವಾಗದೆ ಉಳಿಯುತ್ತದೆ. ಒಮ್ಮೆ ಉಳಿದ ನಾಣ್ಯ ಮುಂದಿನ ಸಲ ಬಂದರೆ ಜನ ಅನುಮಾನದಿಂದ ನೋಡುತ್ತಾರೆ. ಒಳ್ಳೆಯ ನಾಣ್ಯಗಳನ್ನು ಒಂದೊಂದಾಗಿ, ಉಳಿದವನ್ನು ಹತ್ತಿಪ್ಪತ್ತರ ಗುಂಪಾಗಿ ಕೊಡಿ. ಸಾಧಾರಣ ಪೆನ್ನಿಗಳಿಗೆ ದೊಡ್ಡ ಹರಾಜು ಮನೆ ಬೇಡವೇ ಬೇಡ. ವ್ಯಾಪಾರಿಗೋ ಇನ್ನೊಬ್ಬ ಸಂಗ್ರಹಕಾರರಿಗೋ ಕೊಡುವುದು ವಾಸಿ.

ಭಾರತದಲ್ಲಿ ಇದ್ದುಕೊಂಡು ಲಂಡನ್ನಿನಲ್ಲಿ ಮಾರುವ ಯೋಚನೆ ಇದ್ದರೆ ನಿಲ್ಲಿ. ಇಲ್ಲಿಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಜ್ಜ ಸೈನ್ಯದಲ್ಲಿದ್ದಾಗ ತಂದ ವಿಕ್ಟೋರಿಯಾ ಪೆನ್ನಿಯನ್ನು ಕೊರಿಯರ್‌ಗೆ ಹಾಕುವ ಮುಂಚೆ ಪುರಾತತ್ವ ಇಲಾಖೆಯನ್ನು ಕೇಳಿ. ಅದಕ್ಕಿಂತ ಸುಲಭ, ಬೆಂಗಳೂರು, ಮುಂಬೈಗಳ ಹರಾಜಿನಲ್ಲೇ ಮಾರುವುದು. ಬೆಲೆ ಸ್ವಲ್ಪ ಕಡಿಮೆ ಬರಬಹುದು, ತಲೆನೋವು ಇರುವುದಿಲ್ಲ.

'ನಿಮ್ಮ ಹತ್ತಿರ ಈ ನಾಣ್ಯ ಇದ್ದರೆ 10 ಲಕ್ಷ' ಅನ್ನುವ ಜಾಹೀರಾತು ಮೊಬೈಲಿಗೆ ಬಂದರೆ ಅಳಿಸಿ. ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು ಅಂತ ಮೊದಲೇ ನಿಮ್ಮಿಂದ ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ಇಂಥ ವ್ಯವಹಾರಕ್ಕೂ ನಮಗೂ ಸಂಬಂಧ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನಿಜವಾದ ಹರಾಜು ಮನೆ ತನ್ನ ಕಮಿಷನ್ನನ್ನು ಮಾರಾಟವಾದ ಮೇಲೆ ಬಂದ ಹಣದಲ್ಲಿ ಹಿಡಿದುಕೊಳ್ಳುತ್ತದೆ. ನಿಮ್ಮ ಜೇಬಿಗೆ ಮುಂಚಿತವಾಗಿ ಕೈ ಹಾಕುವುದಿಲ್ಲ.